ನಾಲ್ಕು ಸಿಲಿಂಡರ್, ಮೇಲೊಂದು ಕಲ್ಲಂಗಡಿ

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅಲೆಕ್ಸಾಂಡ್ರಿಯಾದ ಸ್ಟ್ಯಾನ್ಲಿ ಸೇತುವೆಯ ಮೇಲೆ, ಇನ್ಶಿರಾಳ ಸೈಕಲ್ಲಿನ ಹಿಂದಿನ ಚಕ್ರದ ನಾಲ್ಕು ಕಡ್ಡಿಗಳು ಮುರಿದವು.

ಅವಳು ಬೀಳಲಿಲ್ಲ. ಮೊದಲು ‘ಟಣ್’ ಎಂದು ಒಂದು ಸದ್ದು ಕೇಳಿಸಿತು. ಹಿಂದಿನವರು ಬೆಲ್ಲು ಹೊಡೆದರು ಅಂದುಕೊಂಡು ಬಲಕ್ಕೆ ಸರಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಇನ್ನೊಂದು ಸದ್ದು, ಅದರ ಬೆನ್ನಿಗೇ ಎರಡು. ಚಕ್ರ ಒಂದು ಕಡೆ ವಾಲಿ ಫ್ರೇಮಿಗೆ ಉಜ್ಜತೊಡಗಿತು, ಆಮೇಲೆ ತಿರುಗುವುದನ್ನೇ ಬಿಟ್ಟಿತು. ಅವಳು ಕಾಲೂರಿ ನಿಂತಳು. ಅವಳ ಮುಂದೆ ಇಪ್ಪತ್ತು ಜನ, ಹಿಂದೆ ಹನ್ನೊಂದು ಜನ. ಎಲ್ಲರೂ ನಿಂತರು.

“ಸಮುದ್ರದ ಗಾಳಿ ಕಣ್ರೀ,” ಅಂದ ಒಬ್ಬ. “ಉಪ್ಪು ಕಬ್ಬಿಣಾನ ತಿಂದುಹಾಕುತ್ತೆ.”

“ಈ ಸೇತುವೆ ಸಂದುಗಳನ್ನ ನೋಡಿ. ಲಾರಿ ಚಕ್ರಾನೂ ಉಳಿಯಲ್ಲ.”

“ಯಾರದೋ ಕಣ್ಣು ಬಿದ್ದಿದೆ. ಹೋದ ವಾರ ಅಬ್ಲಾ ಎಷ್ಟು ಚೆನ್ನಾಗಿ ಹೊಡೆದ್ರು!”

ಅಬ್ಲಾ ಅಂದರೆ ಅಕ್ಕ. ನಲವತ್ತಮೂರು ವರ್ಷದ ಇನ್ಶಿರಾ ಆ ಸೈಕಲ್ ಗುಂಪಿನ ಮುಕ್ಕಾಲು ಪಾಲು ಜನಕ್ಕೆ ಅಕ್ಕನೇ. ಗುಂಪನ್ನು ನಡೆಸುವ ಮಹಿತಾಬ್ ಎಂಬ ಹಲ್ಲಿನ ಡಾಕ್ಟರು ತನ್ನ ಸೈಕಲ್ ಬಿಟ್ಟು ಓಡಿಬಂದಳು. “ಚಕ್ರ ಹಳೇದು ಅಬ್ಲಾ. ತಪ್ಪು ನಂದೇ. ನಾನು ನೋಡಬೇಕಿತ್ತು.”

ಸೇತುವೆಯ ಕಟಾಂಜನಕ್ಕೆ ಒರಗಿ ಗಾಳ ಹಾಕಿಕೊಂಡಿದ್ದ ಮುದುಕನೊಬ್ಬ ಅರ್ಧ ತಿರುಗಿ ನೋಡಿ, “ಪಾಪ, ಸೈಕಲ್ಲು!” ಅಂದ.

ಯಾರೋ ಅವನನ್ನು ಗದರಿದರು. “ನಾನು ಸೈಕಲ್ಲಿಗೆ ಅಂದಿದ್ದಪ್ಪ, ಮನುಷ್ಯರಿಗಲ್ಲ,” ಎಂದು ಅವನು ಮತ್ತೆ ನೀರಿನ ಕಡೆ ತಿರುಗಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಇನ್ಶಿರಾ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಡುವುದು ಅವಳ ಹಳೆಯ ಅಭ್ಯಾಸ.

ಸೈಕಲ್ಲನ್ನು ಟ್ಯಾಕ್ಸಿಯ ತಲೆಯ ಮೇಲೆ ಕಟ್ಟಿ ಮಹಿತಾಬ್ ರಿಪೇರಿಗೆ ಒಯ್ದಳು. ಇನ್ಶಿರಾ ಮನೆಗೆ ಹೋದಳು. ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಗುಂಪಿನ ಎಲ್ಲರ ಫೋನಿಗೆ ಅವಳ ಸಂದೇಶ ಬಂತು: “ಮಂಡಿ ನೋವು. ಮುಂದಿನ ವಾರ ಬರಲಾರೆ. ಸೈಕಲ್ಲನ್ನು ಪಟ್ಟಿಯಲ್ಲಿ ನನ್ನ ನಂತರ ಇರುವವರಿಗೆ ಕೊಡಿ.”

ಮಂಡಿ ನೋವು ಸುಳ್ಳಲ್ಲ. ನಾಲ್ಕನೆಯ ಮಹಡಿಯ ಮನೆಗೆ ಹತ್ತುವಾಗ ಅವಳು ಮೂರು ಕಡೆ ನಿಲ್ಲುತ್ತಾಳೆ. ಆದರೆ ಸೈಕಲ್ ತುಳಿಯುವಾಗ ಆ ಮಂಡಿ ಒಮ್ಮೆಯೂ ನೊಂದಿರಲಿಲ್ಲ. ಅದು ಅವಳಿಗೂ ಗೊತ್ತು, ಅವಳ ಅಣ್ಣ ವಗ್ದಿಗೂ ಗೊತ್ತು.

ಗುಂಪಿನ ನಿಯಮ ಸರಳವಾಗಿತ್ತು. ಹಳೆಯ ಸೈಕಲ್ಲುಗಳನ್ನು ಹೊಸದರಂತೆ ಮಾಡಿಸಿ ಆರು ಶುಕ್ರವಾರಗಳ ಮಟ್ಟಿಗೆ ಕೈಗೆ ಕೊಡುತ್ತಾರೆ. ಆರನೆಯ ಶುಕ್ರವಾರ ಮುಂತಜಾದಿಂದ ಕ್ವೈತ್‌ಬೇ ಕೋಟೆಯವರೆಗೆ, ಸಮುದ್ರದಂಚಿನ ಇಡೀ ರಸ್ತೆ, ಹದಿನೆಂಟು ಕಿಲೋಮೀಟರು. ಮುಗಿಸಿದವರಿಗೆ ಸೈಕಲ್ಲು ಸ್ವಂತ. ಮುಗಿಸದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಸೇತುವೆಯ ಮೇಲೆ ಕಡ್ಡಿ ಮುರಿದದ್ದು ಐದನೆಯ ಶುಕ್ರವಾರ.

ಇನ್ಶಿರಾಳಿಗೆ ಆ ಸೈಕಲ್ಲು ಬೇಕಾಗಿತ್ತು. ಅವಳ ಮನೆ ಅಸಾಫ್ರಾದಲ್ಲಿ, ಹೊಲಿಗೆ ಅಂಗಡಿ ಸೀದಿ ಬಿಶ್ರ್‌ನಲ್ಲಿ. ನಡುವೆ ಮೂರೂವರೆ ಕಿಲೋಮೀಟರು. ಹನ್ನೊಂದು ವರ್ಷದಿಂದ ಮೈಕ್ರೋಬಸ್ಸಿನಲ್ಲಿ ಓಡಾಡುತ್ತಿದ್ದಳು. ಡ್ರೈವರಿನ ಪಕ್ಕದ ಇಬ್ಬರ ಸೀಟು ಅವಳದ್ದು. ಹತ್ತುವ ಮೊದಲೇ ಎರಡು ಬೆರಳು ತೋರಿಸುತ್ತಾಳೆ, ಎರಡು ಸೀಟು ಅಂತ. ಯಾರೂ ಕೇಳುವ ಮುಂಚೆ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ಸೈಕಲ್ಲಿಗೆ ಇರೋದೇ ಒಂದು ಸೀಟು ಕಣೋ,” ಎಂದು ಎರಡನೆಯ ಶುಕ್ರವಾರ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದಳು. “ಅದು ನಂದಾದ್ರೆ ದಿನಾ ಅದರಲ್ಲೇ ಅಂಗಡಿಗೆ ಹೋಗ್ತೀನಿ.”

ಶನಿವಾರ ಬೆಳಿಗ್ಗೆ ಮಹಿತಾಬ್ ಬಾಕೋಸ್ ಬಡಾವಣೆಯ ಅತ್ರೀಸನ ಸೈಕಲ್ ರಿಪೇರಿ ಅಂಗಡಿಗೆ ಹೋದಳು. ಅತ್ರೀಸನಿಗೆ ಅರವತ್ತೊಂದು ವರ್ಷ. ಗುಂಪಿನ ಸೈಕಲ್ಲುಗಳನ್ನೆಲ್ಲ ಸಿದ್ಧಮಾಡುವವನು ಅವನೇ. ಕೈಕಸುಬಿನಲ್ಲಿ ಪಳಗಿದವರನ್ನು ಕರೆಯುವಂತೆ ಎಲ್ಲರೂ ಅವನನ್ನು ಉಸ್ತಾ ಎನ್ನುತ್ತಾರೆ. ಪಕ್ಕದಲ್ಲೇ ಅಡಿಗೆ ಅನಿಲದ ಡಿಪೋ ಇರುವುದರಿಂದ ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಸೈಕಲ್ಲಿಗೆ ಸಿಲಿಂಡರ್ ನೇತುಹಾಕಿಕೊಂಡು, ಸ್ಪ್ಯಾನರಿನಿಂದ ಅದನ್ನು ಬಡಿಯುತ್ತ, ಬೀದಿ ಬೀದಿ ತಿರುಗುವವರು.

ಚಕ್ರ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಅತ್ರೀಸ್ ಕನ್ನಡಕ ಏರಿಸಿದ.

“ಉಪ್ಪು ಗಾಳಿ ಅಂತ ಹೇಳಿದ್ರು,” ಅಂದಳು ಮಹಿತಾಬ್.

“ಯಾರು ಹೇಳಿದ್ದು? ಉಪ್ಪು ತಿಂದಿದ್ರೆ ಕಡ್ಡಿ ನಡುವೆ ಕೆಂಪಾಗಿ ಸವೆದಿರುತ್ತೆ. ಇಲ್ಲಿ ನೋಡಿ ಡಾಕ್ಟ್ರೇ, ಚಕ್ರದ ನಡುವಿನ ಹಬ್ಬಿನ ತೂತಿನ ಹತ್ರ, ಕಡ್ಡಿ ಬಗ್ಗಿರೋ ಕಡೆ. ಚೂರೀಲಿ ಕುಯ್ದ ಹಾಗಿದೆ. ಇದು ಭಾರಕ್ಕೆ ಮುರಿದಿದ್ದು. ಐದು ವಾರ ತಡ್ಕೊಂಡಿದೆ ಪಾಪ. ಒಂದು ಹೋಯ್ತು, ಅದರ ಪಾಲಿನ ಭಾರ ಪಕ್ಕದ್ದರ ಮೇಲೆ ಬಿತ್ತು, ಅದೂ ಹೋಯ್ತು. ಕಣ್ಣೂ ಬಿದ್ದಿಲ್ಲ, ಮೂಗೂ ಬಿದ್ದಿಲ್ಲ.” ಅವನು ತಲೆಯೆತ್ತಿದ. “ಅಕ್ಕನ ತೂಕ ನನಗೆ ಎಷ್ಟು ಅಂತ ಹೇಳಿದ್ರಿ?”

“ತೊಂಬತ್ತು.”

“ನೀವು ತೊಂಬತ್ತು ಅಂದ್ರಿ, ನಾನು ನೂರಕ್ಕೆ ಕಟ್ಟಿದೆ. ಹೆಂಗಸ್ರ ತೂಕಕ್ಕೆ ಹತ್ತು ಸೇರಿಸೋದು ನನ್ನ ಪದ್ಧತಿ. ನಾನು ನೂರಕ್ಕೆ ಕಟ್ಟಿದ ಚಕ್ರ ನೂರಕ್ಕೆ ಮುರಿಯಲ್ಲ. ನಲವತ್ತು ವರ್ಷದಲ್ಲಿ ಮುರಿದಿಲ್ಲ.”

ಮಹಿತಾಬಳ ಮುಖ ಕೆಂಪಾಯಿತು. “ನಿಜ ಹೇಳ್ಬೇಕಂದ್ರೆ, ನನಗೆ ಹೇಳಿದ್ದು ನೂರು.”

“ಮತ್ತೆ ತೊಂಬತ್ತು ಎಲ್ಲಿಂದ ಬಂತು?”

“ನೂರು ಅಂತ ಬಾಯಿಗೆ ಬರ್ಲಿಲ್ಲ ಉಸ್ತಾ. ಅವತ್ತು ಅಂಗಡಿ ತುಂಬ ಗಂಡಸ್ರಿದ್ರು.”

“ಇದ್ರು. ಎಲ್ಲ ಸಿಲಿಂಡರ್ ಹೊರೋರು. ಅವ್ರಿಗೆ ನೂರು ಕಿಲೋ ಅಂದ್ರೆ ಬೆಳಗಿನ ಮೊದಲ ಸುತ್ತು.” ಅವನು ಮುರಿದ ಕಡ್ಡಿಯನ್ನು ಅವಳ ಕಡೆ ಚಾಚಿದ. “ಹಲ್ಲು ಕೀಳೋವಾಗ್ಲೂ ಹೀಗೇನಾ ನೀವು? ರೋಗಿಗೆ ಬೇಜಾರಾಗುತ್ತೆ ಅಂತ ಪಕ್ಕದ ಹಲ್ಲು ಕೀಳ್ತೀರಾ?”

ಮಹಿತಾಬಳ ಕಡೆಯಿಂದ ಒಂದು ಮಾತು ಹೇಳಬೇಕು. ಗುಂಪು ಶುರುವಾದಾಗ ಹೆಸರು ಬರೆಸುವ ಹಾಳೆಯಲ್ಲಿ ತೂಕಕ್ಕೆ ಒಂದು ಸಾಲು ಇತ್ತು. ಮೊದಲ ಸಲವೇ ಮೂವರು ಹೆಂಗಸರು ಆ ಸಾಲಿನ ತನಕ ತುಂಬಿ, ಪೆನ್ನು ಕೆಳಗಿಟ್ಟು, ಎದ್ದು ಹೋದರು. ಎರಡನೆಯ ಸಲಕ್ಕೆ ಅವಳು ಆ ಸಾಲನ್ನು ತೆಗೆಸಿದಳು. ಅದರ ಬದಲು ಹಾಳೆಯ ಮೇಲುಗಡೆ ‘ಯಾವ ಮೈಕಟ್ಟಿನವರಾದರೂ ಬನ್ನಿ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿದಳು. ಆಗ ಇನ್ಶಿರಾ ಬಂದಳು. ಉಸ್ತಾ ತೂಕ ಕೇಳಿದಾಗ ಮಹಿತಾಬ್ ಅವಳನ್ನು ನೇರವಾಗಿ ಕೇಳಲಿಲ್ಲ. ಅವಳ ಅಣ್ಣನನ್ನು ಕೇಳಿದಳು.

ಭಾನುವಾರ ಸಂಜೆ ವಗ್ದಿಯನ್ನು ಅಂಗಡಿಗೆ ಕರೆಸಲಾಯಿತು. ಅವನು ಲಿಫ್ಟ್ ರಿಪೇರಿ ಮಾಡುವವನು, ತಂಗಿಗಿಂತ ನಾಲ್ಕು ವರ್ಷ ದೊಡ್ಡವನು. ತಂಗಿಯ ಕಟ್ಟಡದ ಲಿಫ್ಟು ಆರು ವರ್ಷದಿಂದ ಕೆಟ್ಟಿದೆ, ಮಾಲೀಕ ರಿಪೇರಿಗೆ ಒಪ್ಪಿಲ್ಲ ಅನ್ನುವುದು ಬೇರೆ ಮಾತು.

“ಬನ್ನಿ ಇಂಜಿನಿಯರ್ ಸಾಹೇಬ್ರೇ,” ಅಂದ ಅತ್ರೀಸ್. ಕೈಯಲ್ಲಿ ಸ್ಪ್ಯಾನರ್ ಹಿಡಿದವರೆಲ್ಲರೂ ಅವನಿಗೆ ಇಂಜಿನಿಯರೇ. “ಚಹಾ ಕುಡೀರಿ. ಒಂದು ಲೆಕ್ಕ ಕೇಳೋದಿತ್ತು. ತಂಗಿ ತೂಕ ಡಾಕ್ಟ್ರಿಗೆ ಎಷ್ಟು ಅಂತ ಹೇಳಿದ್ರಿ?”

ವಗ್ದಿ ಚಹಾದ ಲೋಟ ನೋಡಿದ. “ನೂರು.”

“ತಂಗಿ ನಿಮಗೆ ಹೇಳಿದ್ದು?”

ಬೀದಿಯಲ್ಲಿ ಯಾರೋ ಸಿಲಿಂಡರ್ ಬಡಿದುಕೊಂಡು ಹೋದರು. ಆ ಸದ್ದು ದೂರವಾದ ಮೇಲೆ ವಗ್ದಿ ಅಂದ: “ನೂರಾ ಹತ್ತು.”

“ನಿಮ್ಮ ಲಿಫ್ಟುಗಳಿಗೂ ಹೀಗೇ ಲೆಕ್ಕಾನಾ? ಆರು ಜನ ಹತ್ತಿದ್ರೆ ಐದು ಅಂತ ಬರ್ಕೊಳ್ತೀರಾ?”

“ಉಸ್ತಾ, ನಿಮಗೆ ತಂಗೀರಿಲ್ವಾ?”

“ಮೂರು ಜನ ಇದಾರೆ. ಅವ್ರೂ ಸುಳ್ಳೇ ಹೇಳ್ತಾರೆ. ಅದಕ್ಕೇ ನಾನು ಹತ್ತು ಸೇರಿಸೋದು.” ಅತ್ರೀಸ್ ಸೀಮೆಸುಣ್ಣ ತೆಗೆದು ಬೆಂಚಿನ ಮೇಲೆ ನೂರಾ ಹತ್ತು, ನೂರು, ತೊಂಬತ್ತು ಎಂದು ಒಂದರ ಕೆಳಗೊಂದು ಬರೆದ. “ಒಬ್ರು ಕಳೀತಾರೆ ಅಂತ ನನಗೆ ಗೊತ್ತಿತ್ತು. ಇಬ್ರು ಕಳೀತಾರೆ ಅಂತ ಗೊತ್ತಿರ್ಲಿಲ್ಲ.” ಆಮೇಲೆ ನೂರಾ ಹತ್ತರ ಮೇಲ್ಗಡೆ ಒಂದು ಗೀಟು ಎಳೆದು, ಗೀಟಿನ ಮೇಲೆ ಖಾಲಿ ಜಾಗ ಬಿಟ್ಟ. “ಆಯಮ್ಮನೂ ಕಳೆದಿರ್ತಾರೆ. ನನಗೆ ನಿಜವಾದ ಅಂಕಿ ಬೇಕು. ಅದಿಲ್ದೆ ನಾನು ಚಕ್ರ ಕಟ್ಟಲ್ಲ. ಎರಡನೇ ಸಲ ಮುರಿದ್ರೆ ಆಯಮ್ಮ ಮತ್ತೆ ಯಾವತ್ತೂ ಸೈಕಲ್ ಮುಟ್ಟಲ್ಲ, ನಾನು ಬರ್ದು ಕೊಡ್ತೀನಿ.”

“ಈಗಲೇ ಮುಟ್ಟಲ್ಲ ಅಂತಿದಾಳೆ.”

“ಹಾಗಾದ್ರೆ ನೀವಿಲ್ಲಿ ಚಹಾ ಕುಡೀತಾ ಏನ್ ಮಾಡ್ತಿದೀರಿ? ಏಳಿ.”

ಸೋಮವಾರ ಮಧ್ಯಾಹ್ನ ವಗ್ದಿ ಸೀದಿ ಬಿಶ್ರ್‌ನ ಹೊಲಿಗೆ ಅಂಗಡಿಗೆ ಹೋದಾಗ ಇನ್ಶಿರಾ ಒಬ್ಬ ಮದುಮಗಳ ಅಳತೆ ತೆಗೆಯುತ್ತಿದ್ದಳು. ಪರದೆಯ ಈಚೆ ಇದ್ದ ಸ್ಟೂಲಿನ ಮೇಲೆ ಅವನು ಕುಳಿತ. ಒಳಗಿನ ಮಾತು ಕೇಳಿಸುತ್ತಿತ್ತು.

“ಸೊಂಟ ಎಪ್ಪತ್ತಾರು ಸೆಂಟಿಮೀಟರು,” ಅಂದಳು ಹುಡುಗಿಯ ತಾಯಿ. “ನಿಶ್ಚಿತಾರ್ಥದಿಂದ ಊಟಾನೇ ಬಿಟ್ಟಿದಾಳೆ.”

“ಹೌದು ಹೌದು, ಕಣ್ಣಿಗೇ ಕಾಣುತ್ತಲ್ಲ. ಎಪ್ಪತ್ತಾರು,” ಅಂದಳು ಇನ್ಶಿರಾ.

ತಾಯಿ ಮಗಳು ಹೋದ ಮೇಲೆ ಮೇಜಿನ ಮೇಲಿದ್ದ ಪುಸ್ತಕವನ್ನು ವಗ್ದಿ ಓರೆಗಣ್ಣಲ್ಲಿ ನೋಡಿದ. ಎಂಬತ್ತನಾಲ್ಕು ಎಂದು ಬರೆದಿತ್ತು.

“ಎಪ್ಪತ್ತಾರು ಅಂದೆಯಲ್ಲೇ?”

“ಬಾಯಿಗೆ ಎಪ್ಪತ್ತಾರು, ಬಟ್ಟೆಗೆ ಎಂಬತ್ತನಾಲ್ಕು. ಬಾಯಿ ಮಾತು ನಂಬಿ ಕತ್ತರಿಸಿದ್ರೆ ಮದುವೆ ದಿನ ಎಲ್ಲರ ಮುಂದೆ ಹೊಲಿಗೆ ಬಿಡುತ್ತೆ. ಇಪ್ಪತ್ತೆರಡು ವರ್ಷ ಆಯ್ತು, ನಾನು ಯಾರನ್ನೂ ಅಳತೆ ಕೇಳಲ್ಲ. ಟೇಪು ಹಿಡೀತೀನಿ, ಸುಮ್ನೆ ಬರ್ಕೊಳ್ತೀನಿ.”

“ನಿನ್ನ ಚಕ್ರಕ್ಕೆ ಯಾರೂ ಟೇಪು ಹಿಡೀಲಿಲ್ಲ,” ಅಂದ ವಗ್ದಿ.

ಇನ್ಶಿರಾ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

ಅವನು ಎಲ್ಲವನ್ನೂ ಹೇಳಿದ. ತಾನು ನೂರು ಅಂದದ್ದು, ಮಹಿತಾಬ್ ತೊಂಬತ್ತು ಅಂದದ್ದು, ಅತ್ರೀಸ್ ಹತ್ತು ಸೇರಿಸಿದ್ದು. “ನಾನು ನಿನ್ನ ಮಾತು ಇದ್ದ ಹಾಗೇ ಹೇಳಿದ್ರೆ ಸಾಕಿತ್ತು. ತಪ್ಪು ನಂದು.”

“ನೀನ್ಯಾಕೋ ಕಳೆದೆ?”

“ಆ ಡಾಕ್ಟರ್ ಹುಡುಗಿ ಪೆನ್ನು ಹಿಡ್ಕೊಂಡು ನಿಂತಿದ್ಲು. ನಿನ್ನ ಬಗ್ಗೆ ಬರ್ಕೊಳ್ಳೋಕೆ.” ವಗ್ದಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನಿನಗೆ ಹನ್ನೆರಡು ವರ್ಷ ಆದಾಗ ಚಿಕ್ಕಮ್ಮ ಹೇಳಿದ್ದು ನೆನಪಿದೆಯಾ? ‘ಈ ಮೈಗೆ ಸೈಕಲ್ ಬೇಡ, ಬೀದೀಲಿ ನಗ್ತಾರೆ’ ಅಂತ. ನಿನಗೆ ಸೈಕಲ್ ಕಲಿಸಿದ್ದು ನಾನು. ಆದ್ರೂ ಅವತ್ತು ಸುಮ್ನಿದ್ದೆ. ಮಾರನೇ ದಿನದಿಂದ ಒಬ್ನೇ ಹೊಡ್ಕೊಂಡು ಓಡಾಡಿದೆ. ಈ ಸಲ ಸ್ವಲ್ಪ ಕಡಿಮೆ ಹೇಳಿದ್ರೆ ಯಾರೂ ಏನೂ ಅನ್ನಲ್ಲ ಅಂದ್ಕೊಂಡೆ.”

ಇನ್ಶಿರಾ ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಹಾಕಿದಳು.

“ನಾನೂ ಕಳೆದಿದ್ದೆ,” ಅಂದಳು.

“ಏನು?”

“ನೂರಾ ಹತ್ತು ಅಂತ ನಿನಗೆ ಹೇಳ್ದಾಗ. ಕಳೆದೇ ಹೇಳಿದ್ದು. ಒಡಹುಟ್ಟಿದ ಅಣ್ಣ ನೀನು, ಸೀಟು ಗಟ್ಟಿ ಹಿಡಿದು ಸೈಕಲ್ ಕಲಿಸಿದೋನು. ನಿನಗೂ ನಿಜ ಹೇಳ್ಲಿಲ್ಲ ನೋಡು.”

ವಗ್ದಿ ಅವಳನ್ನು ನೋಡಿದ. ಮೊದಲು ನಕ್ಕವನು ಅವನೇ. ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು, ಅಣ್ಣನ ಅಂಗಿಯ ತೋಳಿನ ಗುಂಡಿ ಸಡಿಲವಾಗಿರುವುದನ್ನು ಕಂಡು, ಅಂಗಿ ಬಿಚ್ಚಿಸದೆ ಅಲ್ಲೇ ನಿಂತು ಹೊಲಿದಳು.

“ಅಲ್ಲಾಡ್ಬೇಡ, ಚುಚ್ಚುತ್ತೆ. ಆ ಉಸ್ತಾ ಎಷ್ಟು ಹೊತ್ತಿಗೆ ಅಂಗಡೀಲಿ ಇರ್ತಾನೆ?”

“ನನ್ನ ಹತ್ರ ಅಂಕಿ ಹೇಳು. ನಾನೇ ಹೋಗಿ ಹೇಳ್ತೀನಿ.”

“ನೀನಾ? ದಾರೀಲಿ ಎರಡು ಕಿಲೋ ಬೀಳಿಸ್ಕೊಂಡು ಹೋಗ್ತೀಯ. ನಾನೇ ಹೋಗ್ತೀನಿ.”

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವಳು ಬಾಕೋಸಿಗೆ ಹೋದಳು. ಗಂಡಸರು ಇಲ್ಲದ ಹೊತ್ತು ಯಾವುದೆಂದು ಅವಳು ಕೇಳಿಕೊಂಡಿರಲಿಲ್ಲ. ಅತ್ರೀಸನ ಅಂಗಡಿಯ ಮುಂದೆ ಐದು ಮಂದಿ ಸಿಲಿಂಡರಿನವರು ಸೈಕಲ್ಲಿಗೆ ಒರಗಿ ಫೂಲ್ ಎಂಬ ಬೇಯಿಸಿದ ಕಾಳು ತುಂಬಿದ ರೊಟ್ಟಿ ತಿನ್ನುತ್ತಿದ್ದರು. ಅವಳು ನೇರವಾಗಿ ಬೆಂಚಿನ ಹತ್ತಿರ ಹೋದಳು.

“ನಾನು ಇನ್ಶಿರಾ. ಚಕ್ರ ಮುರಿದವಳು.”

“ಚಕ್ರ ಮುರಿದಿದ್ದು ಸುಳ್ಳು ಅಂಕಿ, ಅಬ್ಲಾ. ನೀವು ಅದರ ಮೇಲೆ ಕೂತಿದ್ರಿ ಅಷ್ಟೇ.” ಅತ್ರೀಸ್ ಎದ್ದು ಸ್ಟೂಲು ಒರೆಸಿ ಮುಂದೆ ತಳ್ಳಿದ.

ಅವಳು ಕೂರಲಿಲ್ಲ. “ನೂರಾ ಹದಿನೆಂಟು,” ಅಂದಳು.

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಬೀದಿಯ ಐವರೂ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

“ಯಾವಾಗಿನ ಲೆಕ್ಕ?” ಎಂದು ಅತ್ರೀಸ್ ಕೇಳಿದ.

“ಆಗಸ್ಟಿನದ್ದು. ಡಾಕ್ಟರ ಹತ್ರ.”

“ಈಗ ನವೆಂಬರ್. ಬೇಜಾರು ಮಾಡ್ಕೋಬೇಡಿ, ನನಗೆ ಇವತ್ತಿನದ್ದು ಬೇಕು. ಪಕ್ಕದ ಡಿಪೋದಲ್ಲಿ ತಕ್ಕಡಿ ಇದೆ. ಬಾಗಿಲು ಹಾಕಿಸ್ತೀನಿ, ಡಾಕ್ಟ್ರಮ್ಮನ್ನ ಕರೆಸ್ತೀನಿ, ನೀವಿಬ್ರೇ ನೋಡಿ ಚೀಟಿ ಕೊಡಿ.”

“ಬಾಗಿಲು ಯಾಕೆ ಹಾಕ್ಬೇಕು?” ಅಂದಳು ಇನ್ಶಿರಾ. “ಹಾಕಿಯೇ ಅಲ್ವಾ ಇಷ್ಟೆಲ್ಲ ಆಗಿದ್ದು?”

ಡಿಪೋದ ತಕ್ಕಡಿ ನೆಲದ ಮಟ್ಟದ ಕಬ್ಬಿಣದ ಹಲಗೆ. ತುಂಬಿದ ಸಿಲಿಂಡರುಗಳ ತೂಕ ಸರಿಯಿದೆಯೇ ಎಂದು ನೋಡಲು ಇಟ್ಟದ್ದು. ಅವಳು ಕೈಚೀಲವನ್ನು ಒಬ್ಬನ ಕೈಗೆ ಕೊಟ್ಟು ಹಲಗೆಯ ಮೇಲೆ ನಿಂತಳು. ಮುಳ್ಳು ಓಲಾಡಿ ನಿಂತಿತು.

“ನೂರಾ ಹತ್ತೊಂಬತ್ತು,” ಎಂದು ಅತ್ರೀಸ್ ಓದಿದ.

“ಒಂದು ಕಿಲೋ ಚಪ್ಪಲಿದು.”

“ಚಪ್ಪಲಿ ಬಿಟ್ಟು ಸೈಕಲ್ ಹೊಡೀತೀರಾ?”

“ಇಲ್ಲ.”

“ನೂರಾ ಹತ್ತೊಂಬತ್ತು.”

ಅವಳ ಕೈಚೀಲ ಹಿಡಿದುಕೊಂಡು ನಿಂತಿದ್ದವನು ದಸೂಕಿ ಎಂಬ ಒಣಕಲು ಮನುಷ್ಯ. ಇಪ್ಪತ್ತು ವರ್ಷದಿಂದ ಸಿಲಿಂಡರ್ ಸಾಗಿಸುವವನು. ತುಟಿಯಲ್ಲೇ ಏನೋ ಗುಣಿಸಿಕೊಂಡು ಅವನು ಗಂಭೀರವಾಗಿ ಅಂದ: “ತುಂಬಿದ್ದು ಒಂದಕ್ಕೆ ಇಪ್ಪತ್ತೆಂಟು. ನಾಲ್ಕು ಸಿಲಿಂಡರ್, ಮೇಲೊಂದು ಕಲ್ಲಂಗಡಿ.”

ಅತ್ರೀಸ್ ಅವನನ್ನು ದುರುಗುಟ್ಟಿ ನೋಡಿದ.

“ಯಾಕೆ ಉಸ್ತಾ? ಲೆಕ್ಕ ತಪ್ಪಾ?” ಅಂದ ದಸೂಕಿ. “ಇದು ನನ್ನ ಸೋಮವಾರದ ಲೋಡು. ಕಲ್ಲಂಗಡಿ ನನ್ನ ಹೆಂಡ್ತಿಗೆ.”

ಇನ್ಶಿರಾ ನಕ್ಕಳು. ಈ ಸಲ ಅವಳಿಗಿಂತ ಮುಂಚೆ ಇಬ್ಬರು ನಕ್ಕಿದ್ದರು. ಅವಳು ತಡವಾಗಿ, ತಡೆಯಲಾರದೆ, ತಕ್ಕಡಿಯ ಮೇಲೆ ನಿಂತೇ ನಕ್ಕಳು. ಮುಳ್ಳು ಅತ್ತಿತ್ತ ಓಲಾಡಿತು.

“ಇಳೀರಿ ಅಬ್ಲಾ, ತಕ್ಕಡಿ ಕೆಡುತ್ತೆ,” ಅಂದ ಅತ್ರೀಸ್. ಅವನೂ ನಗುತ್ತಿದ್ದ. “ಸಿಲಿಂಡರು ನಗಲ್ಲ. ಅದಕ್ಕೇ ಅದರ ತೂಕ ಸರಿಯಾಗಿ ಬರೋದು.”

ಚಕ್ರ ಕಟ್ಟಲು ಅವನು ಒಂದು ಇಡೀ ದಿನ ತೆಗೆದುಕೊಂಡ. ಮೂವತ್ತಾರು ಕಡ್ಡಿಯ ಹಬ್ಬನ್ನು ಬದಿಗಿಟ್ಟು ನಲವತ್ತು ತೂತಿನದನ್ನು ತಂದ. ಸಿಲಿಂಡರಿನವರ ಸೈಕಲ್ಲಿಗೆ ಹಾಕುವ ದಪ್ಪ ಕಡ್ಡಿ, ಎರಡು ಪದರದ ರಿಮ್ಮು, ಅಗಲದ ಟೈರು. ಪ್ರತಿ ಕಡ್ಡಿಯನ್ನೂ ಬಿಗಿದು, ಬೆರಳಿನಿಂದ ಮೀಟಿ ದನಿ ಕೇಳಿದ. ದನಿ ಒಂದೇ ಸಮ ಬರುವವರೆಗೆ ಮತ್ತೆ ಮತ್ತೆ ಬಿಗಿದ, ಸಡಿಲಿಸಿದ. ಸೀಟನ್ನು ಬದಲಿಸಿ ಅಗಲದ್ದು ಹಾಕಿದ. ಹ್ಯಾಂಡಲನ್ನು ಎರಡು ಬೆರಳು ಮೇಲೆತ್ತಿದ. ಅದು ಹೊಟ್ಟೆಗೆ ಮಂಡಿ ತಾಗದಿರಲಿ ಅಂತ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಬುಧವಾರ ಸಂಜೆ ದಸೂಕಿ ಆ ಸೈಕಲ್ಲಿಗೆ ನಾಲ್ಕು ತುಂಬಿದ ಸಿಲಿಂಡರ್ ನೇತುಹಾಕಿಕೊಂಡು, ತಾನೂ ಹತ್ತಿ, ಟ್ರಾಮಿನ ಹಳಿ ದಾಟಿ ಮಾರುಕಟ್ಟೆಯವರೆಗೆ ಎರಡು ಸಲ ಹೋಗಿಬಂದ. ಒಂದು ಕಡ್ಡಿಯೂ ಕದಲಲಿಲ್ಲ.

“ನಿನ್ನದನ್ನೂ ಸೇರಿಸಿದ್ರೆ ನೂರಾ ಎಪ್ಪತ್ತಾಯ್ತು,” ಅಂದ ಅತ್ರೀಸ್.

“ನೂರಾ ಅರವತ್ತೇಳು. ನಾನು ಐವತ್ತೈದೇ.”

“ನೀನೂ ಶುರುಮಾಡ್ದೆಯಾ?”

ಗುರುವಾರ ಇನ್ಶಿರಾ ಗುಂಪಿಗೆ ಎರಡನೆಯ ಸಂದೇಶ ಕಳಿಸಿದಳು. ಮೂರೇ ಪದ: “ನಾಳೆ ನಾನೂ ಬರುತ್ತೇನೆ.”

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಮುಂತಜಾದ ಗೇಟಿನ ಮುಂದೆ ಮೂವತ್ತೆರಡು ಜನ ಸೇರಿದ್ದರು. ಅತ್ರೀಸ್ ತನ್ನ ಹಳೆಯ ಕಪ್ಪು ಸೈಕಲ್ಲಿನಲ್ಲಿ ಬಂದಿದ್ದ. ಹ್ಯಾಂಡಲಿಗೆ ಒಂದು ಚೀಲ, ಚೀಲದಲ್ಲಿ ಬಿಡಿ ಕಡ್ಡಿ.

“ನಂಬಿಕೆ ಇಲ್ವಾ ಉಸ್ತಾ?” ಎಂದು ಇನ್ಶಿರಾ ಕೇಳಿದಳು.

“ನಂಬಿಕೆ ಇದೆ. ಆದ್ರೂ ನಿಮ್ಮ ಹಿಂದೇನೇ ಬರ್ತೀನಿ. ನಾನು ನೋಡೋದು ಚಕ್ರಾನ, ತಪ್ಪು ತಿಳೀಬೇಡಿ.”

ಅವನು ಹಾಗೆಯೇ ಮಾಡಿದ. ಮಿಯಾಮಿ, ಸೀದಿ ಬಿಶ್ರ್ ದಾಟುವವರೆಗೂ ತಲೆ ಒಂದು ಕಡೆ ವಾಲಿಸಿ, ಕಿವಿಯನ್ನು ಅವಳ ಹಿಂದಿನ ಚಕ್ರಕ್ಕೆ ಕೊಟ್ಟು ತುಳಿದ. ಸ್ಟ್ಯಾನ್ಲಿ ಸೇತುವೆ ಬಂದಾಗ ಇನ್ಶಿರಾಳ ಕೈ ಹ್ಯಾಂಡಲಿನ ಮೇಲೆ ಬಿಗಿಯಾಯಿತು. ಉಸಿರು ಹಿಡಿದಳು. ಮೊದಲ ಸಂದು, ಎರಡನೆಯ ಸಂದು. ಕಟಾಂಜನದ ಉದ್ದಕ್ಕೂ ಗಾಳದವರು ಸಾಲಾಗಿ ನಿಂತಿದ್ದರು. ಯಾರೂ ತಿರುಗಿ ನೋಡಲಿಲ್ಲ.

“ಉಸಿರಾಡಿ!” ಎಂದು ಅತ್ರೀಸ್ ಹಿಂದಿನಿಂದ ಕೂಗಿದ. “ಅದಕ್ಕೂ ಸೇರಿಸೇ ಕಟ್ಟಿದೀನಿ.”

ಅವಳು ಉಸಿರು ಬಿಟ್ಟಳು. ಸೇತುವೆ ಮುಗಿಯಿತು.

ಇಬ್ರಾಹಿಮಿಯಾದ ಹತ್ತಿರ ‘ಉಸ್’ ಎಂದು ಸದ್ದಾಯಿತು. ಇನ್ಶಿರಾ ಬ್ರೇಕು ಹಿಡಿದು ಗಾಬರಿಯಿಂದ ಕೆಳಗೆ ನೋಡಿದಳು. ಅವಳ ಟೈರು ಸರಿಯಾಗಿಯೇ ಇತ್ತು. ಪಂಕ್ಚರ್ ಆದದ್ದು ಅತ್ರೀಸನದು. ಅವನು ಇಳಿದು ತನ್ನ ಮುಂದಿನ ಚಕ್ರವನ್ನು ಅವಮಾನದಿಂದ ನೋಡುತ್ತಿದ್ದ. ಚೀಲದಲ್ಲಿ ಕಡ್ಡಿ ಇತ್ತು, ಪ್ಯಾಚು ಇರಲಿಲ್ಲ.

“ನಿಲ್ಲಲಾ?” ಎಂದು ಅವಳು ಕೇಳಿದಳು.

“ನಿಂತು ನೀವೇನು ಮಾಡ್ತೀರಾ? ಹೊಲೀತೀರಾ? ಹೋಗಿ ಹೋಗಿ.”

ಅಲ್ಲಿಂದ ಮುಂದೆ ಅವಳ ಹಿಂದೆ ಕಿವಿಗೊಡುವವರು ಯಾರೂ ಇರಲಿಲ್ಲ. ಶಾತ್ಬಿಯಲ್ಲಿ ಎದುರುಗಾಳಿ ಬೀಸಿತು. ಸಣ್ಣ ಮೈಯವರು ತೂರಾಡಿದರು, ಇಬ್ಬರು ಇಳಿದು ತಳ್ಳಿಕೊಂಡು ನಡೆದರು. ಇನ್ಶಿರಾಳ ಸೈಕಲ್ಲು ಗಾಳಿಗೆ ಜಗ್ಗದೆ ನೆಟ್ಟಗೆ ಹೋಯಿತು. ತೂರಾಡುತ್ತಿದ್ದ ಮಹಿತಾಬಳ ಪಕ್ಕ ಬಂದಾಗ, “ನನ್ನ ಮರೆಯಲ್ಲಿ ಬಾರೇ, ಹಾರಿಹೋಗ್ತೀಯ,” ಅಂದಳು. ಮಹಿತಾಬ್ ಅವಳ ಬೆನ್ನ ಹಿಂದೆ ಸೇರಿಕೊಂಡು ಮನ್ಶಿಯಾವರೆಗೂ ಹಾಗೆಯೇ ಬಂದಳು.

ಕ್ವೈತ್‌ಬೇ ಕೋಟೆಯ ಮುಂದೆ ಇನ್ಶಿರಾ ಸೈಕಲ್ಲಿನಿಂದ ಇಳಿದಾಗ ಎಂಟು ಗಂಟೆ ನಲವತ್ತೊಂದು ನಿಮಿಷ. ಮೂವತ್ತೆರಡು ಜನರಲ್ಲಿ ಅವಳು ಇಪ್ಪತ್ನಾಲ್ಕನೆಯವಳು. ಬಿಸಿ ರೊಟ್ಟಿಯ ಪೊಟ್ಟಣ ಹಿಡಿದು ಏಳೂವರೆಯಿಂದ ಕಾಯುತ್ತಿದ್ದ ವಗ್ದಿ ಓಡಿಬಂದು ಸೈಕಲ್ಲಿನ ಸೀಟು ಹಿಡಿದುಕೊಂಡ.

“ಬಿಡೋ, ನಿಂತಿದೆ ಅದು,” ಅಂದಳು ಅವಳು. ಅವನು ಬಿಡಲಿಲ್ಲ.

ಮಹಿತಾಬ್ ತನ್ನ ಪಟ್ಟಿ ತೆಗೆದು ಇನ್ಶಿರಾಳ ಹೆಸರಿನ ಮುಂದೆ ಗುರುತು ಹಾಕಿದಳು. ಅತ್ರೀಸ್ ಒಂಬತ್ತೂವರೆಗೆ ಸೈಕಲ್ ತಳ್ಳಿಕೊಂಡು ಬಂದು, ಯಾರನ್ನೂ ಮಾತಾಡಿಸದೆ ಮೊದಲು ಅವಳ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನಲವತ್ತೂ ಕಡ್ಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ರೊಟ್ಟಿ ಕೇಳಿದ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಇನ್ಶಿರಾ ಅಸಾಫ್ರಾದ ಮನೆಯ ಮೆಟ್ಟಿಲ ಕೆಳಗಿನಿಂದ ಸೈಕಲ್ ಹೊರತೆಗೆದಳು. ಒಂಬತ್ತೂ ಕಾಲಿಗೆ ಅಂಗಡಿಯ ಬಾಗಿಲು ತೆರೆಯಿತು.